ಉಟ್ಟದ್ದು, ತೊಟ್ಟದ್ದು

ತಮ್ಮನ ಮಗಳು ಈಗ ನಾಲ್ಕನೇ ಕ್ಲಾಸು. ಹೋದ ತಿಂಗಳು ಒಂದು ಭಾನುವಾರ ಕನ್ನಡದ ಹೋಂವರ್ಕ್ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ‘ನನ್ನ ಅಜ್ಜ’ ಅಂತ ಹತ್ತು ಸಾಲು ಬರೆಯಬೇಕಿತ್ತು. ‘ನನ್ನ ಅಜ್ಜ ಬಿಳಿ ಅಂಗಿ ಉಡುತ್ತಾರೆ. ಧೋತರ ಹಾಕುತ್ತಾರೆ’ ಅಂತ ಬರೆದಿದ್ದಳು. ನಾನು ಪೆನ್ಸಿಲ್ ತಗೊಂಡು ‘ಅಂಗಿ ತೊಡುತ್ತಾರೆ, ಧೋತರ ಉಡುತ್ತಾರೆ’ ಅಂತ ತಿದ್ದಿದೆ. ಅವಳು ಎರಡೂ ಸಾಲಿನ ಮೇಲೆ ಬೆರಳಿಟ್ಟು ಓದಿಕೊಂಡು, ‘ದೊಡ್ಡಪ್ಪ, ಎರಡೂ ಬಟ್ಟೆನೇ ಅಲ್ವಾ? ಒಂದಕ್ಕೆ ಉಡು, ಇನ್ನೊಂದಕ್ಕೆ ತೊಡು ಯಾಕೆ?’ ಅಂದಳು. ಹಾಗೇ ಅನ್ನೋದು ಪುಟ್ಟಿ, ಅಂದೆ. ತಲೆಯಾಡಿಸಿ ಹೋದಳು. ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ನಮಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಸೀರೆ ಉಡುತ್ತಾರೆ, ಅಂಗಿ ತೊಡುತ್ತಾರೆ, ಶಾಲು ಹೊದೆಯುತ್ತಾರೆ, ರುಮಾಲು ಸುತ್ತುತ್ತಾರೆ, ಹೂವು ಮುಡಿಯುತ್ತಾರೆ, ಕುಂಕುಮ ಇಡುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಮೈಯ ಯಾವ ಭಾಗಕ್ಕೆ ಯಾವ ವಸ್ತು ಹೇಗೆ ಸೇರುತ್ತದೆ ಅನ್ನುವುದಕ್ಕೆ ತಕ್ಕಂತೆ ಒಂದೊಂದು ಮಾತು. ನಮ್ಮ ಅವ್ವನ ಬಾಯಲ್ಲಿ ಇವು ಒಂದಕ್ಕೊಂದು ಕಲಸಿದ್ದನ್ನು ನಾನು ಕೇಳಿಲ್ಲ. ಈಗ ನಮ್ಮ ಮನೆಯಲ್ಲೇ ಸೀರೆಯಿಂದ ಹಿಡಿದು ಚಪ್ಪಲಿವರೆಗೆ, ಹೂವಿನಿಂದ ಹಿಡಿದು ಕನ್ನಡಕದವರೆಗೆ ಎಲ್ಲವನ್ನೂ ‘ಹಾಕಿಕೊಳ್ಳುತ್ತೇವೆ’. ನಾನೂ ಹಾಗೇ ಆಡುತ್ತೇನೆ. ಮಗುವಿನ ಸಾಲು ತಿದ್ದುವಾಗ ಮಾತ್ರ ಹಳೆಯದು ಕೈಗೆ ಬಂತು.

ಎರಡು ದಿನ ಕಳೆದ ಮೇಲೆ ಬಸ್ಸಿನಲ್ಲಿ ಕೂತು ಬೆರಳಲ್ಲಿನ ಉಂಗುರ ತಿರುಗಿಸುತ್ತಿದ್ದಾಗ ಒಂದು ಹೊಳೆಯಿತು. ಉಂಗುರವನ್ನೂ ತೊಡುತ್ತೇವೆ. ಬಳೆ ತೊಡುತ್ತೇವೆ, ಕಡಗ ತೊಡುತ್ತೇವೆ, ಅಂಗಿ ತೊಡುತ್ತೇವೆ. ಈ ಎಲ್ಲದರ ನಡುವೆ ಒಂದು ಟೊಳ್ಳು ಇದೆ. ಯಾರೂ ತೊಡದೆ ಪೆಟ್ಟಿಗೆಯಲ್ಲಿ ಬಿದ್ದಿದ್ದರೂ ಉಂಗುರ ಉಂಗುರವೇ, ಅದರೊಳಗೆ ಬೆರಳಿನ ಅಳತೆಯ ಜಾಗ ಕಾಯುತ್ತಿರುತ್ತದೆ. ಅಂಗಿಯೂ ಅಷ್ಟೇ. ಗೂಟಕ್ಕೆ ನೇತುಹಾಕಿದ ಅಂಗಿಗೆ ಎರಡು ತೋಳು, ಒಂದು ಎದೆ, ಒಂದು ಕೊರಳು ಇದ್ದೇ ಇರುತ್ತವೆ. ಸೀರೆ ಹಾಗಲ್ಲ. ಮಡಚಿಟ್ಟ ಸೀರೆ ಒಂದು ಉದ್ದನೆಯ ಬಟ್ಟೆ ಅಷ್ಟೇ. ಉಟ್ಟಾಗಲೇ ಅದಕ್ಕೆ ನೆರಿಗೆ, ಸೆರಗು, ಉಡಿ. ಬಿಚ್ಚಿದರೆ ಮತ್ತೆ ಏನೂ ಇಲ್ಲ. ಉಡುವುದರಲ್ಲಿ ಬಟ್ಟೆ ಮೈಗೆ ಬರುತ್ತದೆ, ತೊಡುವುದರಲ್ಲಿ ಮೈ ಬಟ್ಟೆಯೊಳಗೆ ಹೋಗುತ್ತದೆ. ಅಂಗಿ ಅನ್ನುವ ಮಾತಿನಲ್ಲೇ ಅಂಗ ಇದೆ. ಸಂಸ್ಕೃತದ ಅಂಗಿಕಾ ನಮ್ಮಲ್ಲಿ ಅಂಗಿಯಾಗಿದೆ. ಮೈಯ ಹೆಸರನ್ನೇ ಹೊತ್ತ ಬಟ್ಟೆ ಅದು.

ಬಿಲ್ಲಿಗೆ ಬಾಣ ತೊಡುವುದೂ ಇದೇ ತೊಡು. ಏನನ್ನಾದರೂ ಮಾಡಿಯೇ ತೀರುತ್ತೇನೆ ಅಂತ ಪಣ ತೊಡುವುದೂ ಇದೇ. ಪಣವನ್ನು ಉಟ್ಟವರನ್ನು ನಾನು ಕಂಡಿಲ್ಲ. ಉಟ್ಟದ್ದು ಸಡಿಲವಾದರೆ ಬಿಗಿ ಮಾಡಿಕೊಳ್ಳಬಹುದು, ತೊಟ್ಟದ್ದರ ಅಳತೆ ಮೊದಲೇ ತೀರ್ಮಾನವಾಗಿರುತ್ತದೆ.

ಉಡಿಯ ಮಾತು, ಜೇಬಿನ ಮಾತು

ಆಮೇಲೆ ನಾನು ಬೇರೆ ಬೇರೆ ನುಡಿಗಟ್ಟು ಒಟ್ಟು ಮಾಡಲು ಶುರುಮಾಡಿದೆ. ಉಡುವ ಬಟ್ಟೆಯಿಂದ ಹುಟ್ಟಿದವು ಒಂದು ಕಡೆ, ತೊಡುವ ಬಟ್ಟೆಯವು ಇನ್ನೊಂದು ಕಡೆ. ಉಡಿ ತುಂಬುವುದು, ಸೆರಗೊಡ್ಡಿ ಬೇಡುವುದು, ಟೊಂಕ ಕಟ್ಟಿ ನಿಲ್ಲುವುದು, ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಿರುವುದು. ಇವೆಲ್ಲ ಉಟ್ಟವರ ಮಾತು. ಕೊಡುವುದು, ಬೇಡುವುದು, ದುಡಿಯುವುದು, ಸಂಕಟ ಕಟ್ಟಿಕೊಂಡು ಬದುಕುವುದು. ಅಂಗಿಯ ಕಡೆಗೆ ಬಂದರೆ ಕೊರಳಪಟ್ಟಿ ಹಿಡಿದು ಕೇಳುವುದು, ತೋಳೇರಿಸಿ ನಿಲ್ಲುವುದು, ಜೇಬಿಗೆ ಕತ್ತರಿ ಬೀಳುವುದು, ಜೇಬು ತುಂಬಿಸಿಕೊಳ್ಳುವುದು, ಕಾಲರ್ ಎತ್ತಿ ನಡೆಯುವುದು. ಅರ್ಧ ಜಗಳ, ಅರ್ಧ ದುಡ್ಡು. ಪಕ್ಷ ಬದಲಿಸುವ ರಾಜಕಾರಣಿಯ ಬಗ್ಗೆ ‘ಅಂಗಿ ಬದಲಿಸಿದ ಹಾಗೆ’ ಅನ್ನುತ್ತೇವೆ, ‘ಧೋತರ ಬದಲಿಸಿದ ಹಾಗೆ’ ಅನ್ನುವುದಿಲ್ಲ. ಅಂಗಿಯನ್ನು ಭಾಷೆ ಸಂತೆಗೆ, ಕಚೇರಿಗೆ, ಚೌಕಕ್ಕೆ ತೊಟ್ಟುಕೊಂಡು ಹೋಗುವ ಬಟ್ಟೆಯಾಗಿಯೇ ನೋಡಿದೆ. ಮನೆಯೊಳಗಿನ ಮಾತಿಗೆ ಸೆರಗು ಸಾಕಾಗಿದೆ. (ಹೆಂಗಸರ ಕುಪ್ಪಸವೂ ಹೊಲಿದದ್ದೇ. ಆದರೆ ನಮ್ಮ ಕಡೆ ಬಸುರಿಗೆ ‘ಕುಬಸ ಮಾಡುವುದು’ ಅಂದರೆ ಬಟ್ಟೆಯ ಮಾತನ್ನೂ ಮೀರಿ ಒಂದು ಹಬ್ಬ. ಅದು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಸಿಕ್ಕದಿರುವುದೇ ನನಗೆ ಇಷ್ಟ.)

ಇನ್ನು ಅಂಗಿಯ ಬಿಡಿಭಾಗಗಳ ಹೆಸರು. ಜೇಬು ಅರಬ್ಬಿಯಿಂದ ಬಂದದ್ದು, ಅಲ್ಲಿ ಮೊದಲು ಅದಕ್ಕೆ ಉಡುಪಿನ ಎದೆಯ ಬಳಿಯ ತೆರಪು, ಮಡಿಕೆ ಅನ್ನುವ ಅರ್ಥ. ಬಿಲ್ಲಿನ ಹೆದೆ ಅನ್ನುವ ಅರ್ಥದ ನಮ್ಮ ಗಣಿತಜ್ಞರ ಜ್ಯಾ, ಜೀವಾ ಅನ್ನುವ ಪದ ಅರಬ್ಬಿಗೆ ಹೋಗಿ, ಬರವಣಿಗೆಯಲ್ಲಿ ಸ್ವರವಿಲ್ಲದ ಕಾರಣ ಇದೇ ‘ಜೇಬು’ ಅಂತ ಓದಿಸಿಕೊಂಡು, 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ, ಅದೇ ಮಡಿಕೆ ಅನ್ನುವ ಅರ್ಥದ ‘ಸೈನಸ್’ ಆಗಿ, ಕೊನೆಗೆ ಹೈಸ್ಕೂಲಿನ ತ್ರಿಕೋನಮಿತಿಯಲ್ಲಿ ‘ಸೈನ್’ ಆಗಿ ನಮಗೆ ಸಿಕ್ಕಿತು. ಕಾಜಾ ಪೋರ್ಚುಗೀಸರದ್ದು. ‘ಕಾಸ’ ಅಂದರೆ ಅವರಲ್ಲಿ ಮನೆ, ಗುಂಡಿ ಹೋಗಿ ಕೂರುವ ಮನೆ. ಲ್ಯಾಟಿನ್ನಿನ ಕಮಿಸಿಯ, ಅರಬ್ಬಿಯ ಕಮೀಸು, ಪೋರ್ಚುಗೀಸರ ಕಮೀಜ ಒಂದೇ ಬಳ್ಳಿಯ ಕಾಯಿಗಳು. ಜುಬ್ಬ ಅರಬ್ಬಿ, ದರ್ಜಿ ಪಾರಸಿ, ಬನಿಯನ್ ಗುಜರಾತಿನ ವರ್ತಕರ ಹೆಸರು ಹೊತ್ತುಕೊಂಡು ಲೋಕ ಸುತ್ತಿ ಬಂದದ್ದು. ಇಂಗ್ಲಿಷಿನ ‘ಶರ್ಟ್’ಗೂ ‘ಶಾರ್ಟ್’ಗೂ ಬೇರು ಒಂದೇ, ಮೋಟು ಬಟ್ಟೆ ಅಂತ. ಆದರೆ ತೋಳು, ಎದೆ, ಕೊರಳು, ಬೆನ್ನು ನಮ್ಮವೇ ಉಳಿದವು. ಗುಂಡಿಯೂ ನಮ್ಮದೇ. ನೆಲ ತೋಡಿದರೂ ಗುಂಡಿ, ಅಂಗಿಗೆ ಹಚ್ಚಿದರೂ ಗುಂಡಿ.

ಇದನ್ನು ನೋಡಿ ಹೊಲಿಗೆಯೇ ಹೊರಗಿನಿಂದ ಬಂತು ಅನ್ನುವವರಿದ್ದಾರೆ. ಅದು ಸರಿಯಲ್ಲ. ಅಜಂತಾದ ಚಿತ್ರಗಳಲ್ಲಿ ಹೊಲಿದ ತೋಳಂಗಿ ತೊಟ್ಟವರು ಕಾಣಿಸುತ್ತಾರೆ. ಕಲ್ಯಾಣದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ಆ ಹೆಸರೇ ಸಾಕ್ಷಿ. ಸೂಜಿ ಇಲ್ಲಿತ್ತು, ಸಿಂಪಿಗ ಇದ್ದ. ಹೊರಗಿನಿಂದ ಬಂದದ್ದು ಬೇರೆ ಬೇರೆ ಕತ್ತರಿಸುವ ಬಗೆ, ಅದರ ಜೊತೆಗೆ ಆಯಾ ಹೆಸರು.

ಚಾಚಾನ ಅಂಗಡಿ

ನಮ್ಮೂರು ಗದಗಿನ ಕಡೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಗೂಡಂಗಡಿ, ಅದರಲ್ಲಿ ಒಂದು ಕಾಲಿನ ಮಷೀನು, ಒಂದು ಹಲಗೆ, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಬಿಲ್ಲುಗಳು. ಟೇಲರ್ ಚಾಚಾ. ಊರಿಗೆಲ್ಲ ಆತ ಚಾಚಾನೇ, ನಮ್ಮಪ್ಪನಿಗಿಂತ ವಯಸ್ಸಿನಲ್ಲಿ ಸಣ್ಣವನಾದರೂ. ದೀಪಾವಳಿ ಮುಂದೆ ಹದಿನೈದು ದಿನ ಇದ್ದಾಗ ಅಪ್ಪ ಒಂದೇ ತಾನಿನಲ್ಲಿ ಹರಿಸಿದ ಬಟ್ಟೆ ತರುತ್ತಿದ್ದ. ಅಣ್ಣ, ನಾನು, ತಮ್ಮ ಮೂವರಿಗೂ ಅದೇ. ಹಬ್ಬದ ದಿನ ಮೂವರೂ ಓಣಿಯಲ್ಲಿ ಒಂದೇ ಗೆರೆಯ ಅಂಗಿ ತೊಟ್ಟು ನಿಂತರೆ ಯಾರ ಮಕ್ಕಳು ಅಂತ ಯಾರೂ ಕೇಳಬೇಕಿರಲಿಲ್ಲ.

ಅಳತೆ ಕೊಡುವಾಗ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ಚಾಚಾನ ಟೇಪು ತಣ್ಣಗಿರುತ್ತಿತ್ತು. ಆತ ಎದೆ, ಭುಜ, ತೋಳು, ಉದ್ದ, ಕೊರಳು ಅಂತ ಹೇಳುತ್ತಾ ಹೋದ ಹಾಗೆ ಹಿಂದೆ ನಿಂತ ಅಪ್ಪ ಪ್ರತಿ ಸಲ ಒಂದೇ ಮಾತು ಸೇರಿಸುತ್ತಿದ್ದ: ‘ಹುಡುಗ ಬೆಳಿತಾನ, ಎರಡು ಬಟ್ಟು ಸಡ್ಲ ಇರ್ಲಿ.’ ಚಾಚಾ ಬರೆದುಕೊಳ್ಳುವಾಗ ಎರಡಲ್ಲ, ಮೂರು ಬಟ್ಟು ಸೇರಿಸುತ್ತಿದ್ದ. ಆ ಅಂಗಿ ಮೊದಲ ವರ್ಷ ಮೊಣಕಾಲು ಮುಟ್ಟುತ್ತಿತ್ತು, ಎರಡನೇ ವರ್ಷ ಸರಿಯಾಗುತ್ತಿತ್ತು, ಮೂರನೇ ವರ್ಷ ತಮ್ಮನದಾಗುತ್ತಿತ್ತು. ಸರಿಯಾದ ಅಳತೆಯ ಅಂಗಿ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಎರಡನೇ ವರ್ಷಗಳಲ್ಲಿ ಮಾತ್ರ. ನಾಳಿನ ಮೈಗೆ ಇವತ್ತೇ ಹೊಲಿಸಿದ ಆ ಟೊಳ್ಳಿನೊಳಗೆ ಬೆಳೆಯುವುದೇ ನಮ್ಮ ಕೆಲಸವಾಗಿತ್ತು. ಸೀರೆಯ ಬಗ್ಗೆ ಅವ್ವನಿಗೆ ಈ ಚಿಂತೆ ಇರಲಿಲ್ಲ. ಆಕೆಯ ಮದುವೆಯ ಇಳಕಲ್ ಸೀರೆಯನ್ನು ಆಕೆ ಹದಿನೆಂಟರಲ್ಲೂ ಉಟ್ಟಳು, ಐವತ್ತರಲ್ಲೂ ಉಟ್ಟಳು.

ಅಪ್ಪ ತನಗಾಗಿ ಬಟ್ಟೆ ತಂದದ್ದು ಕಡಿಮೆ. ಆತನ ಅಂಗಿಯ ಕಾಲರು ಸವೆಯುತ್ತಿತ್ತು, ಹಿಂದೆ ಮಡಿಕೆ ಬೀಳುವ ಜಾಗದಲ್ಲಿ, ಕುತ್ತಿಗೆಯ ಬೆವರು ಕೂದಲು ತಾಗಿ ತಾಗಿ. ಮೊದಲು ಎಳೆ ಬಿಡುತ್ತಿತ್ತು, ಆಮೇಲೆ ಒಳಗೆ ಬಿಗಿಗೆ ಇಟ್ಟ ದಪ್ಪ ಬಟ್ಟೆ, ಬಕ್ರಮ್, ಇಣುಕುತ್ತಿತ್ತು. ಆಗ ಅಪ್ಪ ಅದನ್ನು ಚಾಚಾನ ಹಲಗೆಯ ಮೇಲಿಟ್ಟು ‘ಕಾಲರ ತಿರುವಿ ಹಾಕು’ ಅನ್ನುತ್ತಿದ್ದ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕಾಲರಿನಲ್ಲಿ ಎರಡು ಭಾಗ: ಕೊರಳಿಗೆ ಅಂಟಿ ನಿಲ್ಲುವ ಪಟ್ಟಿ, ಅದರ ಮೇಲಿಂದ ಮಡಚಿ ಬೀಳುವ ಎಲೆ. ಎಲೆಯ ಮೇಲ್ಮೈಗೂ ಕೆಳಮೈಗೂ ಒಂದೇ ಬಟ್ಟೆ. ಚಾಚಾ ಹಳೆಯ ಬ್ಲೇಡು ಹಿಡಿದು ಪಟ್ಟಿಯಿಂದ ಎಲೆಯನ್ನು ಒಂದೊಂದೇ ಹೊಲಿಗೆ ಬಿಚ್ಚಿ ಬೇರೆ ಮಾಡುತ್ತಿದ್ದ, ಬಟ್ಟೆಗೆ ಒಂದು ಗೀರು ಕೂಡ ಬೀಳದ ಹಾಗೆ. ಅದನ್ನು ಮಗುಚಿ, ಹರಿದ ಮೈ ಕೆಳಗೆ ಹೋಗುವ ಹಾಗೆ, ಬಿಸಿಲು ಕಾಣದ ಮೈ ಮೇಲೆ ಬರುವ ಹಾಗೆ ಮತ್ತೆ ಪಟ್ಟಿಗೆ ಕೂಡಿಸಿ ಹೊಲಿಯುತ್ತಿದ್ದ. ಒಂದು ತಾಸಿನ ಕೆಲಸ. ಅಂಗಿಗೆ ಇನ್ನೆರಡು ವರ್ಷದ ಆಯುಷ್ಯ. ಹೊಸ ಕಾಲರಿನ ಬಣ್ಣ ಉಳಿದ ಅಂಗಿಗಿಂತ ತುಸು ಗಾಢವಾಗಿರುತ್ತಿತ್ತು, ಅದನ್ನು ಕಂಡವರಿಗೆ ತಿರುವಿ ಹಾಕಿದ್ದು ಅಂತ ತಿಳಿಯುತ್ತಿತ್ತು. ಊರಲ್ಲಿ ಅರ್ಧ ಗಂಡಸರ ಕಾಲರು ಹಾಗೇ ಇದ್ದವು. ಅದನ್ನು ಬಡತನ ಅಂತ ಯಾರೂ ಕರೆಯುತ್ತಿರಲಿಲ್ಲ.

ಬಿಚ್ಚು ಅಂದಾಗ

ಹೊಲಿದ ಬಟ್ಟೆಗೆ ಮಡಿಯಿಲ್ಲ ಅನ್ನುವುದು ನಮ್ಮಲ್ಲಿ ಹಳೆಯ ಮಾತು. ಪೂಜೆಗೆ ಕೂರುವವರು ಪಂಚೆ ಉಟ್ಟು ಶಲ್ಯ ಹೊದೆಯುತ್ತಾರೆ. ಉಡುಪಿಯ ಕೃಷ್ಣನ ಮುಂದೆ, ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗುತ್ತಾರೆ. ಅಂಗಿಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ಸಾಲಿನಲ್ಲಿ ನಿಂತಾಗ ನನಗೆ ಒಂದು ರೀತಿಯ ಹಗುರ ಅನಿಸಿದ್ದುಂಟು. ಎಷ್ಟೋ ವರ್ಷ ಅದನ್ನು ಅಷ್ಟಕ್ಕೇ ಬಿಟ್ಟಿದ್ದೆ. 2024ರ ಕೊನೆಯ ದಿನ ಕೇರಳದ ಶಿವಗಿರಿ ಮಠದ ಸಚ್ಚಿದಾನಂದ ಸ್ವಾಮಿಗಳು ಈ ಪದ್ಧತಿ ನಿಲ್ಲಬೇಕು, ಮೈ ಮೇಲೆ ಜನಿವಾರ ಇದೆಯೋ ಇಲ್ಲವೋ ನೋಡುವುದಕ್ಕೆ ಇದು ಶುರುವಾದದ್ದು ಎಂದರು. ನಾರಾಯಣ ಗುರುಗಳ ಮಠದಿಂದ ಬಂದ ಮಾತು. ಅದನ್ನು ಓದಿದ ಮೇಲೆ ಆ ಹಗುರ ನನಗೆ ಮೊದಲಿನಂತೆ ಅನಿಸಲಿಲ್ಲ. ಬಿಚ್ಚುವುದು ಹಗುರ ಅನಿಸಬೇಕಾದರೆ ತೊಡುವುದನ್ನು ಯಾರೂ ತಡೆದಿರಬಾರದು.

ನಮ್ಮೂರಿನ ಕೆಳಗಿನ ಓಣಿಯ ಹಿರಿಯರೊಬ್ಬರು ನನಗೆ ಹೇಳಿದ್ದು. ಅವರ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆದಾಗ ಮೊದಲ ಪಗಾರದಲ್ಲಿ ಒಂದು ಅಂಗಿ ಹೊಲಿಸಿದರಂತೆ. ರಜೆಗೆ ಬಂದಾಗ ಸ್ಟೇಷನ್ನಿನಿಂದ ಊರ ಹೆಬ್ಬಾಗಿಲು, ಅಗಸಿಯವರೆಗೆ ತೊಟ್ಟು ಬರುವುದು, ಅಗಸಿಯಲ್ಲಿ ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು, ಗೌಡರ ಓಣಿ ದಾಟಿ ತಮ್ಮ ಓಣಿಗೆ ಬಂದ ಮೇಲೆ ಮತ್ತೆ ತೊಡುವುದು. ಆ ಅಂಗಿ ಬಹಳ ವರ್ಷ ಬಾಳಿತಂತೆ. ‘ಹರಿಯೂದು ಹ್ಯಾಂಗ? ಮೈಮ್ಯಾಲ ಇದ್ದದ್ದಕ್ಕಿಂತ ಕಂಕಳದಾಗ ಇದ್ದದ್ದ ಹೆಚ್ಚು’ ಅಂದರು ಆ ಹಿರಿಯರು. ಅವರು ನಗಲಿಲ್ಲ, ನಾನೂ ನಗಲಿಲ್ಲ.

ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಅಂಗಿ ಬಿಟ್ಟು ತುಂಡು ಬಟ್ಟೆಗೆ ಬಂದರು. ಅಂಬೇಡ್ಕರರು ಇಸ್ತ್ರಿ ಮಾಡಿದ ಅಂಗಿ, ಟೈ, ಸೂಟು ತೊಟ್ಟು ನಿಂತರು. ಇವೆರಡರಲ್ಲಿ ಯಾವುದು ದೊಡ್ಡದು ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಕಂಕುಳಲ್ಲಿ ಅಂಗಿ ಇಟ್ಟುಕೊಂಡು ನಡೆದವರ ಮಗನ ಮಾತು ಕೇಳಿದ ಮೇಲೆ, ಅಂಬೇಡ್ಕರರ ಆ ಬಿಗಿಯಾದ ಕಾಲರು ನನ್ನ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತದೆ.

ಚಾಚಾ ಕೂಡ ಒಮ್ಮೆ ಹೊಲಿಗೆ ಇಲ್ಲದ ಬಟ್ಟೆಗೆ ಬಂದ. ಮಕ್ಕಳು ದುಡಿಯತೊಡಗಿದ ಮೇಲೆ ಹಜ್‌ಗೆ ಕಳಿಸಿದರು. ಅಲ್ಲಿ ಗಂಡಸರು ಇಹ್ರಾಮ್ ಅನ್ನುವ ಯಾತ್ರೆಯ ಮಡಿಯಲ್ಲಿ ಎರಡು ಬಿಳಿಯ ತುಂಡು ಬಟ್ಟೆ, ಒಂದು ಉಡಲು ಒಂದು ಹೊದೆಯಲು. ಹೊಲಿಗೆ ಇರಬಾರದು. ಹೊರಡುವ ಹಿಂದಿನ ದಿನ ಅಪ್ಪನನ್ನು ಕಾಣಲು ಬಂದಾಗ ಚಾಚಾ ಅಂದದ್ದು: ‘ಜಿಂದಗಿ ಎಲ್ಲಾ ಮಂದಿ ಅರಿವಿ ಹೊಲದೆ ನೋಡ್ರಿ. ಅಲ್ಲಿಗೆ ಹೋಗೂ ಮುಂದ ಹೊಲಿಗಿ ಇಲ್ಲದ್ದ ಬೇಕಂತ.’ ಅಪ್ಪ ಏನೂ ಅನ್ನಲಿಲ್ಲ. ಚಾಚಾ ಹೋಗುವಾಗ ಅಪ್ಪನ ಕಾಲರಿನ ಕಡೆ ನೋಡಿ, ‘ಬಂದ ಮ್ಯಾಲ ಅದನ್ನ ತಿರುವಿ ಹಾಕತೀನಿ’ ಅಂದ. ಬಂದ ಮೇಲೆ ಹಾಕಿಯೂ ಕೊಟ್ಟ.

‘ನಾನು ಕಾಲರು’

ಬೆಂಗಳೂರಿನಲ್ಲಿ ನಾವಿರುವುದು ಪೀಣ್ಯಕ್ಕೆ ಹತ್ತಿರ. ಕೆಳಗಿನ ಮನೆಯ ಹೆಣ್ಣುಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಗಾರ್ಮೆಂಟ್ಸ್ ಅನ್ನುವುದು ಇಲ್ಲಿ ಬಟ್ಟೆಯ ಹೆಸರಲ್ಲ, ಜಾಗದ ಹೆಸರು, ಹೊಲಕ್ಕೆ ಹೋಗುತ್ತಾಳೆ ಅಂದ ಹಾಗೆ. ಬೆಳಗ್ಗೆ ಎಂಟಕ್ಕೆ ಮೊದಲೇ ಬುತ್ತಿ ಕಟ್ಟಿಕೊಂಡು ಓಡುತ್ತಾಳೆ. ಅವಳ ಊರು ಕನಕಪುರದ ಕಡೆ. ಮೊದಲ ಸಲ ಮಾತಾಡಿಸಿ ಏನು ಕೆಲಸ ಅಂತ ಕೇಳಿದಾಗ, ‘ನಾನು ಕಾಲರು ಅಣ್ಣ, ಹನ್ನೊಂದು ವರ್ಷದಿಂದ ಕಾಲರೇ’ ಅಂದಳು. ಪಕ್ಕದ ಮನೆಯವಳನ್ನು ತೋರಿಸಿ, ‘ಇವಳು ಕಫು. ಅವರಕ್ಕ ಸೈಡು.’ ಒಬ್ಬಳು ಎಲೆ ಹೊಲಿದು ಕೊಡುತ್ತಾಳೆ, ಇನ್ನೊಬ್ಬಳು ಮೂಲೆ ಕತ್ತರಿಸಿ ಮಗುಚಿ ಚೂಪು ತೆಗೆಯುತ್ತಾಳೆ, ಮತ್ತೊಬ್ಬಳು ಪಟ್ಟಿಗೆ ಕೂಡಿಸುತ್ತಾಳೆ. ತೋಳು ಬೇರೆಯವರು, ಜೇಬು ಬೇರೆಯವರು, ಕಾಜಾ ಗುಂಡಿ ಬೇರೆ ಮಷೀನು. ಗಂಟೆಗೆ ಎಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆದಿರುತ್ತದೆ. ಹನ್ನೊಂದು ವರ್ಷದಲ್ಲಿ ಅವಳ ಕೈಯಲ್ಲಿ ಹಾದುಹೋದ ಕೊರಳುಗಳನ್ನು ಲೆಕ್ಕ ಹಾಕಲು ನಾನು ಕೂತಿದ್ದೆ, ಅರ್ಧಕ್ಕೆ ಬಿಟ್ಟೆ. ಒಂದು ಇಡೀ ಅಂಗಿಯನ್ನು ಅವಳು ಒಮ್ಮೆಯೂ ಹೊಲಿದಿಲ್ಲ.

2016ರ ಏಪ್ರಿಲ್‌ನಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅನ್ನುವ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಹೊಸೂರು ರಸ್ತೆ ಎರಡು ದಿನ ನಿಂತುಹೋಯಿತು. ಎರಡನೇ ದಿನ, 19ನೇ ತಾರೀಖು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತಗೊಂಡಿತು. ಅದರ ಲಾಭ ದೇಶದ ಎಲ್ಲ ಪಿಎಫ್ ಖಾತೆಯವರಿಗೂ ಸಿಕ್ಕಿತು, ನನಗೂ ಸಿಕ್ಕಿತು. ಕೊರಳಪಟ್ಟಿ ಹೊಲಿಯುವವರೇ ಸರ್ಕಾರದ ಕೊರಳಪಟ್ಟಿ ಹಿಡಿದು ಕೇಳಿದ ದಿನ ಅದು. ನಮ್ಮ ಕೆಳಗಿನ ಮನೆಯವಳೂ ಪೀಣ್ಯದ ಕಡೆ ಬೀದಿಗೆ ಬಂದಿದ್ದಳು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಬಿಸಿಲು ಜಾಸ್ತಿ ಇತ್ತು ಅಣ್ಣ’ ಅನ್ನುತ್ತಾಳೆ ಅಷ್ಟೇ.

ಮೊನ್ನೆ ಅಪ್ಪ ಊರಿಂದ ಬಂದಿದ್ದ. ಒಗೆದು ಒಣಗಿಸಿದ್ದ ಆತನ ಅಂಗಿ ಗಾಳಿಗೆ ಹಾರಿ ಕೆಳಗಿನ ಮನೆಯ ಬಾಗಿಲಿಗೆ ಬಿದ್ದಿತ್ತು. ಅವಳು ಎತ್ತಿಕೊಂಡು ಮೇಲೆ ಬಂದಳು. ಕೊಡುವ ಮೊದಲು ಕಾಲರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲೆಯನ್ನು ಎತ್ತಿ ಕೆಳಗೆ ನೋಡಿದಳು. ‘ಇದನ್ನ ಬಿಚ್ಚಿ ಹೊಲಿದವರೆ ಅಲ್ವಾ ಅಜ್ಜ? ಹಳೇ ಸೂಜಿ ತೂತು ಕಾಣ್ತದೆ.’

ಅಪ್ಪನಿಗೆ ಖುಷಿಯಾಯಿತು. ‘ಹೌದವಾ. ತಿರುವಿ ಹಾಕಿದ್ದು. ನಮ್ಮೂರ ಚಾಚಾ.’

‘ಮೂಲೆ ಎಷ್ಟು ಚೆನ್ನಾಗಿ ತೆಗೆದವರೆ. ಅಂಗಿನೂ ಅವರೇ ಹೊಲಿದಿದ್ದಾ? ಕಾಲರು, ಕಫು, ತೋಳು, ಎಲ್ಲಾ ಒಬ್ಬರೇನಾ?’

‘ಎಲ್ಲಾ ಒಬ್ಬನ. ಕಾಜಾ ಗುಂಡಿ ಅಷ್ಟ ಅವನ ಹೆಂಡ್ತಿ ಹಚ್ಚತಿದ್ಲು.’

ಅವಳು ಸ್ವಲ್ಪ ಹೊತ್ತು ಅಂಗಿಯನ್ನು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ದಿವಾನದ ಮೇಲೆ ಹರಡಿ, ಮೊದಲ ಗುಂಡಿ ಹಾಕಿ, ಮಗುಚಿ, ಎರಡೂ ತೋಳನ್ನು ಬೆನ್ನ ಮೇಲೆ ಮಡಚಿ, ಬದಿಗಳನ್ನು ಒಳಗೆ ತಂದು, ಕೆಳಗಿನಿಂದ ಎರಡು ಮಡಿಕೆ ಹಾಕಿ ತಿರುಗಿಸಿದಳು, ಅಂಗಡಿಯಲ್ಲಿ ಡಬ್ಬಿಯೊಳಗೆ ಇರುವ ಹಾಗೆ. ಕಾಲರನ್ನು ಎರಡೂ ಕೈಯಿಂದ ನೇರ ಮಾಡಿ ಅಪ್ಪನ ಕೈಗೆ ಕೊಟ್ಟಳು.